ಜೇನಿನೊಳಗೆ ಔಷಧ

ಕೆಮ್ಮುವ ಮಗುವಿಗೆ ತುಳಸಿರಸದೊಡನೆ ಜೇನು ನೆಕ್ಕಿಸುವ ರೂಢಿ ನಮ್ಮ ಗಡಿಭಾಗದ ಮನೆಗಳಲ್ಲಿ ಇನ್ನೂ ಉಳಿದಿದೆ. (ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸಲ್ಲದು.) ಕೊಂಡು ತಂದ ಜೇನಿನ ಹನಿಯನ್ನು ತಾಯಂದಿರು ನೀರಿಗೆ ಬಿಟ್ಟು ನೋಡುತ್ತಾರೆ, ಜೇನಿನಲ್ಲಿ ಅದ್ದಿದ ಬತ್ತಿಗೆ ಕಡ್ಡಿ ಗೀರುತ್ತಾರೆ. ಈ ಪರೀಕ್ಷೆಗಳು ಸಕ್ಕರೆಪಾಕದ ಬೆರಕೆಯನ್ನೇ ನಂಬುವಂತೆ ತೋರಿಸಲಾರವು. ಪ್ರತಿಜೀವಕ ಔಷಧದ ಶೇಷವನ್ನಂತೂ ತೋರಿಸುವುದೇ ಇಲ್ಲ.

ಜೇನಿಗೆ ಔಷಧವೆಲ್ಲಿಂದ ಬಂತು? ಪೆಟ್ಟಿಗೆಯಲ್ಲಿ ಸಾಕಿದ ಜೇನುಹುಳುಗಳ ಮರಿಗಳಿಗೆ ಬ್ಯಾಕ್ಟೀರಿಯಾದಿಂದ ಕೊಳೆಯುವ ರೋಗ ತಗಲುವುದುಂಟು. ಕುಟುಂಬವೇ ನಾಶವಾದೀತೆಂಬ ಭಯದಿಂದ ಕೆಲವರು ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧವನ್ನು ಸಕ್ಕರೆನೀರಿನಲ್ಲಿ ಕಲಸಿ ಇಡುತ್ತಾರೆ. ಹುಳು ಅದನ್ನು ಹೀರಿ ಹುಟ್ಟಿಗೆ ಒಯ್ಯುತ್ತದೆ. ತೊಂಬತ್ತರ ದಶಕದಲ್ಲಿ ಕೊಡಗಿನ ತುಡುವೆ ಜೇನನ್ನು ಅಳಿಸಿದ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಕಾರಣ ವೈರಸ್ಸು. ಅಂಥದಕ್ಕೆ ಈ ಔಷಧ ಎಷ್ಟು ಇಟ್ಟರೂ ವ್ಯರ್ಥ, ಜೇನು ಮಾತ್ರ ಕೆಡುತ್ತದೆ.

2010ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಂಗಡಿಗಳಲ್ಲಿ ಕೊಂಡ 12 ಬ್ರಾಂಡುಗಳ ಜೇನನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. 11ರಲ್ಲಿ ಔಷಧದ ಶೇಷವಿತ್ತು. ಪರದೇಶದಿಂದ ಬಂದ ಎರಡೂ ಅವುಗಳಲ್ಲಿ ಸೇರಿದ್ದವು. ನನಗೆ ಇದಕ್ಕಿಂತ ಹೆಚ್ಚು ನೋವು ತಂದ ಸಂಗತಿ ಬೇರೆ. ಆಗ ರಫ್ತಾಗುವ ಜೇನಿಗೆ ಔಷಧಶೇಷದ ಮಿತಿ, ತಪಾಸಣೆ ಎಲ್ಲ ಇದ್ದವು. ನಮ್ಮ ಮಕ್ಕಳು ತಿನ್ನುವ ಜೇನಿಗೆ ಅಂಥ ಮಿತಿಯೇ ಇರಲಿಲ್ಲ. ಹುಳು ಒಂದೇ, ಹೂವು ಒಂದೇ, ಕಾನೂನು ಎರಡು! ಇಲ್ಲಿಯ ಮಿತಿ ಬಂದದ್ದು ಆಮೇಲೆ.

ಈ ಶೇಷವನ್ನು ಅಳೆಯುವುದು ಕಿಲೋವೊಂದಕ್ಕೆ ಮೈಕ್ರೊಗ್ರಾಂಗಳಲ್ಲಿ. ಕಿಲೋಗೆ ಒಂದು ಮೈಕ್ರೊಗ್ರಾಂ ಎಂದರೆ, 10 ಟನ್ ಹೊತ್ತ 100 ಲಾರಿಗಳ ಜೇನಿನಲ್ಲಿ ಒಂದು ಗ್ರಾಂ ಔಷಧ. ಜೇನಿನ ಅಂಶಗಳನ್ನು ಬೇರ್ಪಡಿಸಿ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರಗಳಿಗೆ ಅದು ಸಿಗುತ್ತದೆ. ಇಷ್ಟು ಅಲ್ಪ ಔಷಧದಿಂದ ಮಗು ಕೂಡಲೇ ಕಾಯಿಲೆ ಬೀಳುವುದಿಲ್ಲ. ಆದರೆ ಅಲ್ಪಾಲ್ಪವಾಗಿ, ಮೇಲಿಂದ ಮೇಲೆ ಔಷಧ ಸೋಕಿದ ರೋಗಾಣುಗಳು ಅದಕ್ಕೆ ಬಗ್ಗದಂತಾಗಬಲ್ಲವು. ನಾಳೆ ಮಗುವಿಗೆ ನಿಜವಾಗಿ ಆ ಔಷಧ ಬೇಕಾದಾಗ ಅದು ನಾಟದೆ ಹೋದೀತು.

ಬಾಟಲಿಯ ಮೇಲೆ ಮರಾಠಿಯಲ್ಲಿ ‘ಶುದ್ಧ ಮಧ’ ಎಂದು ಬರೆದಿರುವುದನ್ನು ನಮ್ಮ ಮಕ್ಕಳೂ ಓದಬಲ್ಲರು. ಅನುಮಾನ ಬಂದರೆ ಜಿಲ್ಲೆಯ ಆಹಾರ ಮತ್ತು ಔಷಧ ಆಡಳಿತ ಕಚೇರಿಗೆ ದೂರು ಕೊಡಬಹುದು. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅಲ್ಲಿಯವರಿಗಿದೆ. ಸೂರ್ಯಕಾಂತಿ ಹೊಲದ ಬದಿಗೆ ಪೆಟ್ಟಿಗೆ ಇಟ್ಟವರು ಕಂಡರೆ, ಜೇನಿನ ದರ ಕೇಳುವ ಮೊದಲು ಇದನ್ನು ಕೇಳಿರಿ: ‘ಹುಳಕ್ಕೆ ಏನು ಔಷಧ ಹಾಕಿದ್ದಿರಿ, ಜೇನು ತೆಗೆದದ್ದು ಅದಾಗಿ ಎಷ್ಟು ದಿನಕ್ಕೆ?’