ಬಿಲ್ಲುಗಾರರ ಗುಡ್ಡ

ಹಜ್ ಯಾತ್ರೆಯನ್ನು ಮುಗಿಸಿದ ನಮ್ಮ ಹಳೆಯ ಶಿಷ್ಯರೊಬ್ಬರು ಮೊನ್ನೆ ಮನೆಗೆ ಬಂದು ಮದೀನಾದ ಖರ್ಜೂರವನ್ನು ಕೊಟ್ಟರು. ಮುಖದಲ್ಲಿ ಸಂತೋಷದೊಡನೆ ಕೊಂಚ ಖಿನ್ನತೆಯೂ ಇದ್ದಿತು. "ಅಲ್ಲಿ ಎಲ್ಲವೂ ಹೊಸತು, ಮೇಷ್ಟ್ರೇ" ಎಂದರು.

ಮಾತು ಸುಳ್ಳಲ್ಲ. 622ರಲ್ಲಿ ಪ್ರವಾದಿಗಳು ಮಕ್ಕಾವನ್ನು ಬಿಟ್ಟು ಬಂದಾಗ ಅಸ್ತಿಭಾರವಿಟ್ಟ ಕುಬಾ ಮಸೀದಿಯ ಈಗಿನ ಕಟ್ಟಡ 1986ರದು. 624ರಲ್ಲಿ ಪ್ರಾರ್ಥನೆಯ ದಿಕ್ಕು ಜೆರೂಸಲೇಮಿನಿಂದ ಮಕ್ಕಾದ ಕಡೆಗೆ ತಿರುಗಿದುದರ ಗುರುತಾಗಿ ಕಿಬ್ಲತೈನ್ ಮಸೀದಿಯ ಗೋಡೆಗಳಲ್ಲಿ ಎರಡು ಮಿಹ್ರಾಬುಗಳಿದ್ದವು. ಜೀರ್ಣೋದ್ಧಾರದ ಕಾಲದಲ್ಲಿ ಹಳೆಯದನ್ನು ತೆಗೆದರು. ಬಕೀ ಖಬರಸ್ಥಾನದ ಗುಮ್ಮಟಗಳು 1926ರಲ್ಲಿಯೇ ನೆಲಸಮವಾದವು. ಗೋರಿಗಳ ಪೂಜೆಗೆ ಎಡೆಯಾಗಕೂಡದೆಂಬುದು ಆಳುವವರ ಮತ. ಅದು ಅವರ ಧರ್ಮವಿಚಾರ, ನಾವು ತೀರ್ಪು ಹೇಳತಕ್ಕವರಲ್ಲ. ಆದರೆ ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಹೊರತು ಕಿತ್ತುಹಾಕುವುದಲ್ಲವೆಂದು ವ್ಯಾಕರಣ ಓದಿದ ನಮಗೆ ತೋರುತ್ತದೆ.

"ಉಹುದಿಗೆ ಹೋಗಿದ್ದಿರಾ?" ಎಂದು ಕೇಳಿದೆವು. ಅವರ ಮುಖ ಅರಳಿತು.

ಊರಿನ ಉತ್ತರಕ್ಕೆ ಆ ಬೆಟ್ಟ. ಅದರ ಮುಂದೆ ಬಿಲ್ಲುಗಾರರ ಗುಡ್ಡ. 625ರ ಯುದ್ಧದಲ್ಲಿ ಪ್ರವಾದಿಗಳು 50 ಮಂದಿ ಬಿಲ್ಲುಗಾರರನ್ನು ಅಲ್ಲಿ ನಿಲ್ಲಿಸಿ, ಗೆಲುವಾಗಲಿ ಸೋಲಾಗಲಿ ಸ್ಥಳ ಬಿಡಕೂಡದೆಂದು ಆಜ್ಞಾಪಿಸಿದ್ದರು. ಶತ್ರುಗಳು ಓಡಿದುದನ್ನು ಕಂಡು ಅವರಲ್ಲಿ ಬಹುಮಂದಿ ಕೊಳ್ಳೆಗಾಗಿ ಇಳಿದರು. ಆಗಿನ್ನೂ ಎದುರು ಪಕ್ಷದಲ್ಲಿದ್ದ ಖಾಲಿದ್ ಬಿನ್ ವಲೀದರ ಕುದುರೆಸವಾರರು ಹಿಂದಿನಿಂದ ಮೇಲೆ ಬಿದ್ದರು. ಆ ದಿನ ಪ್ರವಾದಿಗಳ ಚಿಕ್ಕಪ್ಪ ಹಮ್ಜಾ ಮೊದಲಾಗಿ ಸುಮಾರು 70 ಮಂದಿ ಮಡಿದರು. ಅವರ ಗೋರಿಗಳು ಗುಡ್ಡದ ಸಮೀಪದಲ್ಲಿಯೇ ಇವೆ.

"ಗುಡ್ಡ ಬಲು ಚಿಕ್ಕದು, ಮೇಷ್ಟ್ರೇ. ಹತ್ತುವುದು ಕಷ್ಟವಾಗಲಿಲ್ಲ. ಇಳಿಯುವುದಕ್ಕೆ ಮಾತ್ರ ಕಾಲು ಬರಲಿಲ್ಲ" ಎಂದರು.