ಸ್ಟೆಪ್ನಿ ಹೋದ ಮೇಲೆ

ಸೈಕಲ್ಲೇ ಮುಖ್ಯ ವಾಹನವಾಗಿದ್ದ ದಿನಗಳಲ್ಲಿ ನಮ್ಮ ಊರುಗಳಲ್ಲಿ 'ಗಾಳಿ ಹೊಡೆ' ಎಂಬ ಮಾತು ಬಳಕೆಯಲ್ಲಿತ್ತು. ಎಷ್ಟೋ ಮನೆಗಳ ಜಗಲಿಯ ಮೂಲೆಯಲ್ಲಿ ಒಂದು ಪಂಪು ಒರಗಿಕೊಂಡಿರುತ್ತಿತ್ತು, ಹೊಡೆಯುವವನು ಸವಾರನೇ. ಇಂದು ಮೋಟಾರ್ ಸೈಕಲ್ ಏರುವ ತರುಣರ ಬಾಯಲ್ಲಿ ಕೇಳಿಬರುವುದು 'ಗಾಳಿ ಹೊಡೆಸು', 'ಪಂಚರ್ ಹಾಕಿಸು' ಎಂಬ ಮಾತುಗಳು. ವ್ಯಾಕರಣದ ದೃಷ್ಟಿಗೆ ಇದು ಬರಿಯ ಒಂದು 'ಇಸು' ಪ್ರತ್ಯಯ. ಆದರೆ ಈ ಪ್ರೇರಣಾರ್ಥಕದ ಹೊಟ್ಟೆಯೊಳಗೆ ಒಂದು ಅಂಗಡಿ, ಅದರ ಮುಂದೆ ತೂಗುಹಾಕಿದ ಹಳೆಯ ಟೈರು, ಒಬ್ಬ ಕೆಲಸಗಾರ, ಅವನು ಬಾಗಿಲು ತೆರೆದಿರುವ ಹೊತ್ತು ಇಷ್ಟೂ ಅಡಗಿವೆ. ಇವುಗಳಲ್ಲಿ ಒಂದು ತಪ್ಪಿದರೂ ಕ್ರಿಯಾಪದ ನಡೆಯದು, ಬಂಡಿಯೂ ನಡೆಯದು.

ವಾರದ ಕೊನೆ ಬಂದಿತೆಂದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಗುಂಪುಕಟ್ಟಿಕೊಂಡು ಆಗುಂಬೆಗೋ ಚಾರ್ಮಾಡಿಗೋ ಕುದುರೆಮುಖದ ಕಡೆಗೋ ಹೊರಟುಬಿಡುತ್ತಾರೆ. ಹೋಗಲಿ, ಹೋಗಬೇಕಾದ ವಯಸ್ಸೇ ಅದು. ಅವರ ಚೀಲದಲ್ಲಿ ಮಳೆಯಂಗಿ ಇರುತ್ತದೆ, ಕ್ಯಾಮೆರಾ ಇರುತ್ತದೆ, ಮೊಬೈಲಿಗೆ ಪ್ರಾಣ ತುಂಬುವ ಪೆಟ್ಟಿಗೆಯೂ ಇರುತ್ತದೆ. ಬಂಡಿಯನ್ನು ಹೊತ್ತಿರುವ ಗಾಳಿಗೆ ಮಾತ್ರ ಯಾವ ಸಿದ್ಧತೆಯೂ ಇರುವುದಿಲ್ಲ. ಘಟ್ಟದ ಎಷ್ಟೋ ತಿರುವುಗಳಲ್ಲಿ ಮೊಬೈಲಿನ ಸಂಪರ್ಕ ಸಿಕ್ಕದು. ಸುಮಾರು 195 ಕಿಲೋ ತೂಗುವ ಕ್ಲಾಸಿಕ್ 350ರಂಥ ಬಂಡಿಯನ್ನು, ಗಾಳಿಯಿಲ್ಲದ ಹಿಂಗಾಲಿಯೊಡನೆ, ಏರು ದಾರಿಯಲ್ಲಿ ತಳ್ಳುವುದು ಇಬ್ಬರಿಗೂ ಸುಲಭವಲ್ಲ.

ಹಿಂದಿನ ಸ್ಕೂಟರುಗಳನ್ನು ಇಲ್ಲಿ ನೆನೆಯಬೇಕು. ಲ್ಯಾಂಬ್ರೆಟಾ, ವೆಸ್ಪಾ, 1972ರಲ್ಲಿ ಬಂದ ಬಜಾಜ್ ಚೇತಕ್ ಇವುಗಳ ಜೊತೆಗೆ ಒಂದು ಹೆಚ್ಚಿನ ಗಾಲಿಯೂ ಸಂಚರಿಸುತ್ತಿತ್ತು. ಮುಂದಕ್ಕೂ ಹಿಂದಕ್ಕೂ ಅದೊಂದೇ ಸಾಕು. ಹೆಂಡತಿ ಮಕ್ಕಳು ರಸ್ತೆಯ ಪಕ್ಕದ ನೆರಳಿನಲ್ಲಿ ನಿಂತು ನೋಡುತ್ತಿರುವಂತೆಯೇ ಗೃಹಸ್ಥನು ಸ್ಕೂಟರನ್ನು ಓರೆಮಾಡಿ, ನಟ್ಟು ಬಿಚ್ಚಿ, ಗಾಲಿ ಬದಲಿಸಿ, ಕೈ ಒರೆಸಿಕೊಂಡು ಹೊರಡುತ್ತಿದ್ದನು. ಆ ಗಾಲಿಯ ಹೆಸರು ಸ್ಟೆಪ್ನಿ. ವೇಲ್ಸ್ ನಾಡಿನ ಲನೆಲಿ ಎಂಬ ಊರಿನ ಒಂದು ಬೀದಿಯ ಹೆಸರದು. 1904ರ ಸುಮಾರಿಗೆ ಅಲ್ಲಿಯ ಡೇವಿಸ್ ಸೋದರರು ಮೋಟಾರು ಗಾಡಿಗಳಿಗೆ ಬದಲಿ ಗಾಲಿ ತಯಾರಿಸತೊಡಗಿದ್ದರಿಂದ ಬೀದಿಯ ಹೆಸರೇ ವಸ್ತುವಿಗೆ ಅಂಟಿತು. ಹುಟ್ಟಿದ ನಾಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ಈ ಪದ ನಮ್ಮ ಹಳ್ಳಿಯ ಬಸ್ಸು ಚಾಲಕರ ನಾಲಗೆಯ ಮೇಲೆ ಇನ್ನೂ ಬದುಕಿದೆಯೆಂಬುದು ಸ್ವಾರಸ್ಯದ ಸಂಗತಿ. ಆದರೆ ಹೊಸ ಸ್ಕೂಟರುಗಳಿಂದ ಸ್ಟೆಪ್ನಿ ಹೆಚ್ಚುಕಡಿಮೆ ಮಾಯವಾಗಿದೆ. ಮೋಟಾರ್ ಸೈಕಲ್ಲಿಗಂತೂ ಆ ಭಾಗ್ಯ ಸಾಮಾನ್ಯವಾಗಿ ಎಂದೂ ಇದ್ದುದಲ್ಲ.

ಸವಾರನೇ ದಾರಿಯಲ್ಲಿ ಟೈರನ್ನು ಸರಿಮಾಡಿಕೊಳ್ಳಬೇಕೆಂಬ ವಿಚಾರ ಹೊಸದೂ ಅಲ್ಲ. 1888ರಲ್ಲಿ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟು ಪಡೆದಾಗ ಅದನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದರು; ಒಂದು ತೂತು ಮುಚ್ಚಲು ಗಂಟೆಗಟ್ಟಲೆ ಹೊತ್ತು ಬೇಕು, ಅಂಟು ಆರುವುದಕ್ಕೆ ಮತ್ತೆ ಒಂದು ರಾತ್ರಿ. ಈ ತೊಡಕನ್ನು ಕಣ್ಣಾರೆ ಕಂಡ ಫ್ರಾನ್ಸಿನ ಮಿಷೆಲಿನ್ ಸೋದರರು 1891ರಲ್ಲಿ ಬಿಚ್ಚಿ ತೊಡಿಸಬಹುದಾದ ಟೈರನ್ನು ತಂದರು. ಅದೇ ವರ್ಷ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಸೈಕಲ್ ಪಂದ್ಯವನ್ನು ಆ ಟೈರು ತೊಡಿಸಿದ ಷಾರ್ಲ್ ತೆರೋಂ ಗೆದ್ದನು.

ಇಂದು ಬಹುಪಾಲು ಮೋಟಾರ್ ಸೈಕಲ್ಲುಗಳದು ಟ್ಯೂಬ್‌ಲೆಸ್ ಟೈರು. ಅದನ್ನು ದಾರಿಯಲ್ಲಿ ರಿಪೇರಿ ಮಾಡುವುದು ಹಳೆಯ ಟ್ಯೂಬಿಗಿಂತ ಎಷ್ಟೋ ಸುಲಭ. ಗಾಲಿ ಬಿಚ್ಚಬೇಕಾಗಿಯೇ ಇಲ್ಲ. ಬೇಕಾದ ಸಲಕರಣೆಗಳು ನಾಲ್ಕೈದು: ಅರದಂತೆ ಹಲ್ಲುಳ್ಳ ಒಂದು ದಬ್ಬಣ, ಕಣ್ಣುಳ್ಳ ಇನ್ನೊಂದು ದಬ್ಬಣ, ಅಂಟುಬತ್ತಿಗಳು, ರಬ್ಬರು ಸಲ್ಯೂಷನ್ನು, ಒಂದು ಇಕ್ಕುಳ. ಮೊಳೆಯನ್ನು ಕಂಡೊಡನೆ ಕೀಳಬಾರದು. ಕಿತ್ತುಬಿಡುವ ತನಕ ಆ ಮೊಳೆಯೇ ಬಿರಡೆಯ ಕೆಲಸ ಮಾಡುತ್ತಿರುತ್ತದೆ. ಎಲ್ಲವನ್ನೂ ಕೈಯೆಟುಕಿನಲ್ಲಿಟ್ಟುಕೊಂಡು, ಮೊಳೆ ಹೊಕ್ಕ ಓರೆಯನ್ನು ಗಮನಿಸಿ ಕಿತ್ತು, ಅದೇ ಓರೆಯಲ್ಲಿ ಹಲ್ಲಿನ ದಬ್ಬಣವನ್ನು ಹಲವು ಬಾರಿ ಆಡಿಸಿ ತೂತನ್ನು ಒರಟುಮಾಡಬೇಕು. ಬಳಿಕ ಗೋಣಿ ಹೊಲಿಯುವವರಂತೆ ಬತ್ತಿಯನ್ನು ಕಣ್ಣಿಗೆ ಪೋಣಿಸಿ, ಸಲ್ಯೂಷನ್ನು ಸವರಿ, ಎರಡು ತುದಿಗಳು ಹೊರಗುಳಿಯುವಷ್ಟು ಒಳಕ್ಕೊತ್ತಿ, ದಬ್ಬಣವನ್ನು ತಟ್ಟನೆ ಎಳೆದರೆ ಬತ್ತಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಗಾಳಿ ತುಂಬಿ, ತುದಿ ಕತ್ತರಿಸಿ, ಸ್ವಲ್ಪ ನೀರು ಸುರಿದು ಗುಳ್ಳೆ ಏಳುವುದೇ ಎಂದು ನೋಡಿದರೆ ಮುಗಿಯಿತು. ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ ಈ ಚಿಕಿತ್ಸೆ. ಟೈರಿನ ಪಕ್ಕೆ ಸೀಳಿದ್ದರೆ ಇದನ್ನು ನಂಬಬಾರದು.

ಗಾಳಿಗೆ ಕಾಲಿನಿಂದ ತುಳಿಯುವ ಪಂಪು ಸಾಕು. ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರಗಳೂ ಈಗ ದೊರೆಯುತ್ತವೆ. ಒತ್ತಡ ತೋರಿಸುವ ಗೇಜು ಒಂದಿರಬೇಕು. ಗಾಳಿ ಹೋದ ಬಂಡಿಯನ್ನು ಓಡಿಸಿಕೊಂಡೇ ಹೋದರೆ ಟೈರಿನ ಅಂಚು ಗಾಲಿಯ ಬಳೆಯಿಂದ ಕಳಚಿಕೊಳ್ಳಬಹುದು. ಆಮೇಲೆ ಸಣ್ಣ ಪಂಪಿನಿಂದ ಅದನ್ನು ಕೂರಿಸುವುದು ಬಲು ಕಷ್ಟ.

ಕಡ್ಡಿಗಾಲಿಯ ಬಂಡಿಗಳ ಮಾತು ಬೇರೆ. ಕಡ್ಡಿಗಳ ಬುಡದಲ್ಲಿ ಗಾಳಿ ಸೋರುವುದರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ಟ್ಯೂಬು ಬೇಕು. ಗಾಲಿ ಬಿಚ್ಚುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಅಂಥವರು ತಮ್ಮ ಗಾಲಿಯ ಅಳತೆಯ ಟ್ಯೂಬನ್ನಾದರೂ ಚೀಲದಲ್ಲಿಟ್ಟುಕೊಳ್ಳಬೇಕು. 2016ರಲ್ಲಿ ಬಂದ ಹಿಮಾಲಯನ್ ಬಂಡಿಯ ಮುಂಗಾಲಿ 21 ಅಂಗುಲದ್ದು. ಹಳ್ಳಿಯ ಮೆಕ್ಯಾನಿಕ್ಕನಿಗೆ ಕೈಚಳಕವಿರಬಹುದು, ಆ ಅಳತೆಯ ಟ್ಯೂಬು ಅವನಲ್ಲಿ ಇರಬೇಕಲ್ಲ!

ಈಗ ಅಧಿಕಾರದಲ್ಲಿರುವವರಿಗೆ ಒಂದು ಮಾತು. 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲವೆಂದಿತು; ಆದರೆ ಅದರ ಬದಲಿಗೆ ರಿಪೇರಿಯ ಸಲಕರಣೆಯನ್ನೂ ಟೈರಿನ ಒತ್ತಡ ತಿಳಿಸುವ ವ್ಯವಸ್ಥೆಯನ್ನೂ ಕೊಡಬೇಕೆಂದು ಕಟ್ಟುಮಾಡಿತು. ನ್ಯಾಯವಾದ ಏರ್ಪಾಡು. ನಾಲ್ಕು ಗಾಲಿಯವನಿಗೆ ಸಲ್ಲುವ ಈ ನ್ಯಾಯ ಎರಡು ಗಾಲಿಯವನಿಗೇಕೆ ಸಲ್ಲಬಾರದು? ಬಂಡಿ ಮಾರುವಾಗ ತಯಾರಕರು ಶಿರಸ್ತ್ರಾಣ ಒದಗಿಸಬೇಕೆಂಬ ನಿಯಮ ಈಗಾಗಲೇ ಇದೆ. ಲಕ್ಷ ರೂಪಾಯಿ ದಾಟಿದ ಬಂಡಿಯೊಡನೆ ಕೆಲವು ನೂರು ರೂಪಾಯಿಗೆ ದೊರೆಯುವ ದಬ್ಬಣ, ಬತ್ತಿಗಳನ್ನು ಕೊಟ್ಟರೆ ಯಾರೂ ಬಡವಾಗುವುದಿಲ್ಲ.

ಇದರಿಂದ ಪಂಚರ್ ಅಂಗಡಿಯವರ ಅನ್ನ ಹೋಗುವುದೆಂದು ಮರುಗುವವರುಂಟು. ಹಾಗೇನೂ ಇಲ್ಲ. ಬತ್ತಿ ಊರು ಮುಟ್ಟಿಸುವ ಉಪಾಯ. ಟೈರನ್ನು ಕಳಚಿ ಒಳಗಿನಿಂದ ಪಟ್ಟಿ ಹಾಕುವ ಗಟ್ಟಿ ಕೆಲಸಕ್ಕೆ ಅಂಗಡಿಗೇ ಹೋಗಬೇಕು. ಆದರೆ 2010ರ ದಶಕದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಿಂದ ನಾಗರಿಕರೊಬ್ಬರು ಅಯಸ್ಕಾಂತದ ಕೋಲು ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿ ತೆಗೆದುದನ್ನು ಬಲ್ಲವರು, ಪ್ರತಿ ಮೊಳೆಯೂ ತಾನಾಗಿ ಬಿದ್ದುದೆಂದು ನಂಬಲಾರರು.

ಕಾಲೇಜುಗಳು ನಿಯಮಕ್ಕಾಗಿ ಕಾಯಬೇಕಾಗಿಲ್ಲ. ಒಂದು ಹಳೆಯ ಟೈರು, ಒಂದು ಮೊಳೆ, ಒಂದು ಮಧ್ಯಾಹ್ನ ಇಷ್ಟಿದ್ದರೆ ಹುಡುಗರೂ ಹುಡುಗಿಯರೂ ಈ ವಿದ್ಯೆಯನ್ನು ಕಲಿತಾರು. ಕಲಿಸುವುದಕ್ಕೆ ಪಕ್ಕದ ಬೀದಿಯ ಪಂಚರ್ ಅಂಗಡಿಯವರನ್ನೇ ಗೌರವಧನ ಕೊಟ್ಟು ಕರೆಯಬಹುದು. ಹುಡುಗಿಯರನ್ನು ವಿಶೇಷವಾಗಿ ಹೇಳುತ್ತೇವೆ. ಕತ್ತಲಾದ ಮೇಲೆ ನಿರ್ಜನ ರಸ್ತೆಯಲ್ಲಿ ಅಪರಿಚಿತನ ದಯೆಯನ್ನು ಕಾಯುತ್ತ ನಿಲ್ಲುವ ಸ್ಥಿತಿ ಅವರಿಗೆ ಬರಬಾರದು. ಬಂಡೀಪುರದ ದಾರಿ ಹಿಡಿಯುವವರು ಗುಂಡ್ಲುಪೇಟೆಯಲ್ಲಿಯೇ ಟೈರು ನೋಡಿಕೊಳ್ಳುವುದು ಮೇಲು. 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ತನಕ ಆ ಕಾಡಿನಲ್ಲಿ ಸಂಚಾರಕ್ಕೆ ನಿರ್ಬಂಧವಿದೆ, ಹಗಲಿನಲ್ಲಿಯೂ ನಡುದಾರಿಯಲ್ಲಿ ಇಳಿದು ನಿಲ್ಲುವಂತಿಲ್ಲ. ಇನ್ನು, ಒಮ್ಮೆ ಬಾಯಿ ತೆರೆದ ಸಲ್ಯೂಷನ್ನಿನ ಕೊಳವೆ ಕೆಲವು ತಿಂಗಳಲ್ಲಿ ಒಣಗಿ ಕಲ್ಲಾಗುತ್ತದೆ. ಹೊರಡುವ ಮುಂಚೆ ಅದನ್ನೊಮ್ಮೆ ಒತ್ತಿ ನೋಡಬೇಕು.