ತಂಡಕ್ಕೊಂದು ಹೆಸರು

ನಮ್ಮ ಮೋಟೆಬೆನ್ನೂರಿನ ತರುಣರು ಈ ವರ್ಷ ಕಾಲ್ಚೆಂಡಿನ ತಂಡವೊಂದನ್ನು ಕಟ್ಟಲು ಹೊರಟಿದ್ದಾರೆ. ಚೆಂಡು ಬರುವ ಮೊದಲೇ ಜಗಳ ಬಂದಿತು. ವರ್ತಕರೊಬ್ಬರು ಹನ್ನೊಂದು ಅಂಗಿಗಳನ್ನು ಕೊಡಿಸಲು ಒಪ್ಪಿದ್ದಾರೆ. ಆದರೆ ತಂಡಕ್ಕೆ ತಮ್ಮ ಅಂಗಡಿಯ ಹೆಸರನ್ನೇ ಇಡಬೇಕೆಂಬುದು ಅವರ ಕರಾರು. "ಹೆಸರು ಯಾವುದಾದರೇನು, ಆಡುವವರು ನಾವೇ ಅಲ್ಲವೇ?" ಎನ್ನುವವರೇ ಹೆಚ್ಚು. ಈ ಮಾತನ್ನು ನಾನು ಒಪ್ಪಲಾರೆ. ಅದಕ್ಕೆ ಕಾರಣವನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡುತ್ತೇನೆ.

ರಷ್ಯ ದೇಶದ ತಂಡಗಳನ್ನು ನೋಡಿರಿ. ಮಾಸ್ಕೋದ 'ಲೋಕೊಮೊಟಿವ್' ರೈಲ್ವೆಯವರ ತಂಡ. ಆ ಮಾತಿಗೆ ರೈಲಿನ ಎಂಜಿನ್ ಎಂದೇ ಅರ್ಥ. 'ಸ್ಪಾರ್ಟಾಕ್' ಎಂಬ ಹೆಸರು 1935ರಲ್ಲಿ ಬಂದದ್ದು. ಪ್ರಾಚೀನ ರೋಮಿನಲ್ಲಿ ಗುಲಾಮರನ್ನು ಕೂಡಿಸಿ ದಂಗೆಯೆದ್ದ ಸ್ಪಾರ್ಟಕಸನ ನೆನಪು ಅದು. ಕಟ್ಟಿದವರು ಯಾರು, ಅವರು ಮೆಚ್ಚಿದ್ದು ಯಾರನ್ನು ಎಂಬುದನ್ನು ಹೆಸರೇ ಸಾರುತ್ತದೆ.

ಅಷ್ಟು ದೂರವೇಕೆ? ಮುಂಬಯಿಯಲ್ಲಿ 1891ರಿಂದ ಬಹುಮಟ್ಟಿಗೆ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಗೆದ್ದಿತು. ಮರುವರ್ಷವೂ ಗೆಲುವು ಅವರದೇ. ಮಾಸ್ಕೋದ ತಂಡಗಳನ್ನು ಬಲ್ಲ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಎಚ್.ಎ.ಎಲ್., ಐ.ಟಿ.ಐ. ಎಂದು ಕಾರ್ಖಾನೆಗಳ ಹೆಸರಿನ ತಂಡಗಳೂ ಬೆಂಗಳೂರಿನಲ್ಲಿ ಆಡಿದವು. ಹಾಗಾದರೆ ಅಂಗಡಿಯ ಹೆಸರೇಕೆ ಬೇಡವೆಂದು ಮಿತ್ರರು ಕೇಳಬಹುದು. ಅವು ನೌಕರರ ತಂಡಗಳು. ಆದುದರಿಂದ ಆ ಹೆಸರು ಸುಳ್ಳಲ್ಲ. ನಾವಾದರೋ ಆ ಅಂಗಡಿಯಲ್ಲಿ ಉದ್ರಿ ಬರೆಸುವವರೇ ಹೊರತು ಮತ್ತೇನೂ ಅಲ್ಲ.

ಇನ್ನು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆ.ಎಸ್.ಡಬ್ಲ್ಯು. ಸಮೂಹ ಅದರ ಒಡೆಯ. ಆದರೂ ಇಟ್ಟದ್ದು ತನ್ನ ಹೆಸರನ್ನಲ್ಲ, ಊರಿನ ಹೆಸರನ್ನು. ಇಂಗ್ಲಿಷಿನಲ್ಲಿಯೂ 'ಬ್ಯಾಂಗಲೋರ್' ಎನ್ನದೆ 'ಬೆಂಗಳೂರು' ಎಂದೇ ಬರೆಯಿತು. ಸರ್ಕಾರವು ಆ ರೂಪವನ್ನು ಜಾರಿಗೆ ತಂದದ್ದು 2014ರ ನವೆಂಬರ್ 1ರಂದು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡ ಅದಾಯಿತು. ಸೋತರೂ ಊರಿನ ಹೆಸರು ಏಷ್ಯದಲ್ಲೆಲ್ಲ ಕೇಳಿಸಿತು. ಕೋಟಿಗಳನ್ನು ಸುರಿದವರೇ ಇಷ್ಟು ಬಿಟ್ಟುಕೊಟ್ಟಿರುವಾಗ ಹನ್ನೊಂದು ಅಂಗಿಗೆ ನಾವು ಊರನ್ನೇ ಬಿಡಬೇಕೇ?

ಮೈಲಾರ ಮಹಾದೇವರ ಹೆಸರಿಡೋಣವೆಂದ ಹಿರಿಯರಿದ್ದಾರೆ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ನಮ್ಮೂರ ಮಗ ಅವರು. ಆ ಹೆಸರನ್ನು ಎದೆಯ ಮೇಲೆ ಧರಿಸಿ ರೆಫರಿಯೊಡನೆ ಕಚ್ಚಾಡುವುದು ಸಲ್ಲದು. ಮೊದಲು ಅದಕ್ಕೆ ತಕ್ಕವರಾಗೋಣ.

ನಮ್ಮ ತಂದೆಯವರು ಪ್ರಾಯದಲ್ಲಿ ಕಬಡ್ಡಿಯಾಡಿ ಗೆದ್ದುತಂದ ಢಾಲೊಂದು ಮನೆಯ ಮಾಡದಲ್ಲಿದೆ. ಅದರ ಮೇಲೆ ಕೊರೆದಿರುವುದು ದಾನಿಗಳ ಹೆಸರು ಮಾತ್ರ. ಆಡಿದ ಏಳು ಮಂದಿಯ ಹೆಸರು ಎಲ್ಲಿಯೂ ಇಲ್ಲ. ಇಬ್ಬರನ್ನು ತಂದೆಯವರೂ ಮರೆತಿದ್ದಾರೆ. ಆಗ ನಮ್ಮ ಮನೆಯಲ್ಲಿ ಬರೆಯಬಲ್ಲವರಿರಲಿಲ್ಲ.

ತಂಡಕ್ಕೆ ಊರಿನ ಹೆಸರಿರಲಿ; ವರ್ತಕರ ಹೆಸರು ಕೃತಜ್ಞತೆಯಿಂದ ತೋಳಿನ ಮೇಲಿರಲಿ. ಒಪ್ಪದಿದ್ದರೆ ಬನಿಯನ್ನಿನಲ್ಲಿಯೇ ಆಡೋಣ. ಒಂದು ನೋಟುಬುಕ್ಕನ್ನು ಕೊಂಡು, ಮೊದಲ ಪುಟದಲ್ಲಿ ಹನ್ನೊಂದು ಮಂದಿಯ ಹೆಸರನ್ನೂ ಬರೆದಿಡೋಣ. ಬರೆಯುವ ಕೆಲಸ ನನಗಿರಲಿ.